ಲಿಫ್ಟಣ್ಣ ಕಳಿಸಿ ಅಳಿಸಿದ ಮೆಸೇಜು

ಲಿಫ್ಟಣ್ಣನಿಗೆ ಧೈರ್ಯವಿಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಹತ್ತು ಮಹಡಿ ಕಟ್ಟಡದ ನೆತ್ತಿಯಲ್ಲಿ, ಎಣ್ಣೆ ಸವರಿದ ಉಕ್ಕಿನ ಹಗ್ಗಗಳ ನಡುವೆ, ಕಾಲ ಕೆಳಗೆ ಬಾವಿಯಂಥ ಕತ್ತಲೆ ಇಟ್ಟುಕೊಂಡು, ಬಾಯಲ್ಲಿ ಟಾರ್ಚು ಕಚ್ಚಿ ಬೋಲ್ಟು ಬಿಗಿಸುವ ಮನುಷ್ಯ ಅವನು. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಒಳಗಿನಿಂದ ಬೊಬ್ಬೆ ಹೊಡೆಯುವಾಗ ಹೊರಗೆ ನಿಂತು ‘ಏನೂ ಆಗಲ್ಲ, ಬಂದೆ’ ಎಂದು ಅವನು ಹೇಳಿದರೆ, ರಕ್ತದೊತ್ತಡದವರಿಗೂ ಎದೆ ತಣ್ಣಗಾಗುತ್ತಿತ್ತು. ಅದೇ ಮನುಷ್ಯನ ಕೈಗೆ ಫೋನು ಕೊಟ್ಟು ಯಾರಿಗಾದರೂ ನಾಲ್ಕು ಮಾತು ಬರೆದು ಕಳಿಸು ಎಂದರೆ ಮಾತ್ರ ಕಥೆ ಮುಗಿಯಿತು. ಬೆವರು ಅಲ್ಲಿಂದ ಶುರು.

ಒಮ್ಮೆ ಹಾಲಿನವನಿಗೆ ‘ನಾಳೆ ಹಾಲು ಬೇಡ’ ಎಂದು ಬರೆದಿದ್ದ. ಹಾಲಿನವನು ಓದಿದ, ಉತ್ತರ ಬರೆಯಲಿಲ್ಲ. ಹಾಲು ಬೇಡ ಎಂದದ್ದಕ್ಕೆ ಉತ್ತರವಾದರೂ ಏನಿರುತ್ತದೆ? ಆದರೆ ಲಿಫ್ಟಣ್ಣನಿಗೆ ಆ ಮೌನದಲ್ಲಿ ಸಿಟ್ಟು ಕೇಳಿಸಿತು. ಬೆಳಗಾಗುವ ಮೊದಲೇ ಹಾಲಿನವನ ಮನೆಗೆ ಹೋಗಿ, ಬೇಜಾರಿಲ್ಲ ತಾನೇ ಎಂದು ವಿಚಾರಿಸಿ, ವಿಶ್ವಾಸ ಉಳಿಸಿಕೊಳ್ಳಲು ಎಂದಿಗಿಂತ ಎರಡು ಪಾಲು ಹಾಲು ಹೊತ್ತು ತಂದ. ಅಂದು ಲಿಫ್ಟಣ್ಣನ ಮನೆಗೆ ಬಂದವರೆಲ್ಲ ಹಾಲನ್ನೇ ಕುಡಿದರು.

ಇಂಥವನು ಐವತ್ತರ ಹೊಸ್ತಿಲಲ್ಲಿ, ಹೋದ ವರ್ಷವಷ್ಟೇ, ಮದುವೆಯಾಗಿದ್ದ. ಹೆಂಡತಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುವವಳು. ಮೊದಲ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಅಂಗಡಿಯ ಸಾಮಾನು ಲಿಫ್ಟಿನಲ್ಲಿ ಅವಳು ಬಟ್ಟೆಯ ಥಾನುಗಳ ಜೊತೆ ಸಿಕ್ಕಿಕೊಂಡಾಗ ಬಿಡಿಸಲು ಬಂದವನೇ ಇವನು. ಪ್ರೀತಿಯನ್ನು ಬರೆದು ತಿಳಿಸಬೇಕಾಗಿ ಬಂದಿದ್ದರೆ ಇಂದಿಗೂ ಒಂಟಿಯಾಗಿಯೇ ಇರುತ್ತಿದ್ದ. ಪುಣ್ಯಕ್ಕೆ ಅವಳೇ ಬಾಯಿಬಿಟ್ಟು ಕೇಳಿದಳು.

ಹೆಂಡತಿಯ ಜೊತೆಗೆ ಒಬ್ಬ ಮಗಳೂ ಬಂದಳು. ಪಕ್ಕದ ಊರಿನ ಕಾಲೇಜಿನಲ್ಲಿ ವಿಜ್ಞಾನ ಓದುತ್ತ ಹಾಸ್ಟೆಲಿನಲ್ಲಿದ್ದಳು. ಹುಡುಗಿ ಒಳ್ಳೆಯವಳು, ಲಿಫ್ಟಣ್ಣನೂ ಒಳ್ಳೆಯವನು. ತೊಂದರೆ ಇದ್ದದ್ದು ಕನ್ನಡದಲ್ಲಿ. ಅವನನ್ನು ಅಪ್ಪ ಎನ್ನಲು ಅವಳಿಗೆ ನಾಲಿಗೆ ಏಳದು. ಅಂಕಲ್ ಎಂದರೆ ಅಮ್ಮನಿಗೆ ಏನನ್ನಿಸುತ್ತದೋ. ಸರ್ ಎನ್ನಲು ಅವನೇನು ಕಾಲೇಜಿನ ಮೇಷ್ಟ್ರಲ್ಲ. ಹಾಗಾಗಿ ಅವಳು ಏನೂ ಕರೆಯದೆ, ಅವನೆದುರು ಬಂದು ನಿಂತು, ಅವನು ತಲೆ ಎತ್ತುವವರೆಗೆ ಕಾದು, ಆಮೇಲೆ ಮಾತು ಶುರುಮಾಡುತ್ತಿದ್ದಳು. ಅವನ ಕಷ್ಟ ಇನ್ನೂ ದೊಡ್ಡದು. ನೀನು ಎಂದರೆ ಇಲ್ಲದ ಸಲಿಗೆ ತೆಗೆದುಕೊಂಡಂತೆ, ನೀವು ಎಂದರೆ ಮನೆಯ ಹುಡುಗಿಯನ್ನು ಬಾಗಿಲಾಚೆ ನಿಲ್ಲಿಸಿದಂತೆ. ಅದಕ್ಕೆ ಎರಡೂ ಬೇಡದ ಮಾತುಗಳನ್ನಷ್ಟೇ ಆರಿಸಿ ಆಡುತ್ತಿದ್ದ. ಬೇಕಾ. ಸಾಕಾ. ಆಯ್ತಾ. ಲೈಟ್ ಹಾಕ್ಲಾ. ಕಳೆದ ರಜೆಯಲ್ಲಿ ಇಬ್ಬರೂ ಬರೀ ಇಷ್ಟರಲ್ಲೇ ಸಂಸಾರ ಸಾಗಿಸಿದರು. ಹೆಂಡತಿ ಅಡುಗೆಮನೆಯಿಂದ ಕೇಳಿಸಿಕೊಂಡು ಹಣೆ ಒತ್ತಿಕೊಂಡಳು.

ಹೀಗಿರುವಾಗ ಒಂದು ಬೆಳಗ್ಗೆ ಹೆಂಡತಿಯ ಫೋನು ಸೋಪಿನ ನೀರಿನ ಬಕೆಟ್ಟಿಗೆ ಬಿತ್ತು. ರಿಪೇರಿ ಅಂಗಡಿಯವನು ಅದನ್ನು ಬಿಚ್ಚಿ ನೋಡಿ, ಸಂಜೆಯವರೆಗೆ ಏನೂ ಹೇಳಲು ಬರುವುದಿಲ್ಲ ಎಂದು ದೊಡ್ಡ ಡಾಕ್ಟರಂತೆ ಮುಖ ಮಾಡಿದನಂತೆ. ಅವಳು ಮನೆಗೆ ಬಂದು, ಕೆಲಸಕ್ಕೆ ಹೊರಡುತ್ತ ಹೇಳಿದಳು:

“ರೀ, ರಜೆಗೆ ಯಾವತ್ತು ಬರ್ತಾಳೆ ಅಂತ ಅವಳನ್ನ ಒಂದು ಮೆಸೇಜ್ ಹಾಕಿ ಕೇಳಿ. ನನ್ನ ಫೋನ್ ಕೆಟ್ಟಿದೆ ಅಂತಾನೂ ಹೇಳಿ.”

“ನೀನೇ ನನ್ನ ಫೋನಿಂದ ಕೇಳಬಹುದಲ್ಲ.”

“ಕೇಳಬಹುದು,” ಎಂದು ಅವಳು ಚೀಲವನ್ನು ಹೆಗಲಿಗೇರಿಸಿದಳು. “ಆದ್ರೆ ನೀವು ಕೇಳಿ.”

ಅವಳು ಹೋದಳು. ಲಿಫ್ಟಣ್ಣ ಊಟದ ಮೇಜಿನ ಮುಂದೆ ಕೂತು ಫೋನನ್ನು ಎದುರಿಗಿಟ್ಟುಕೊಂಡ. ‘ರಜೆಗೆ ಯಾವತ್ತು ಬರ್ತೀರಿ?’ ಎಂದು ಬರೆದ. ನೆಂಟರನ್ನು ಕೇಳಿದಂತಿತ್ತು, ಒರೆಸಿದ. ‘ರಜೆ ಯಾವತ್ತು?’ ಎಂದು ಬರೆದ. ಬಸ್ ನಿಲ್ದಾಣದಲ್ಲಿ ಅಪರಿಚಿತರನ್ನು ಕೇಳಿದಂತಿತ್ತು, ಅದನ್ನೂ ಒರೆಸಿದ. ಕೊನೆಗೆ, ಕಳಿಸುವುದಕ್ಕಲ್ಲ, ಬರೆದರೆ ಹೇಗೆ ಕಾಣುತ್ತದೆ ಎಂದು ನೋಡುವುದಕ್ಕಷ್ಟೇ, ‘ಮಗಳೇ, ರಜೆಗೆ ಯಾವತ್ತು ಬರ್ತೀಯ?’ ಎಂದು ಬರೆದ.

ಚೆನ್ನಾಗಿತ್ತು. ಅಂಗಡಿಯ ಗಾಜಿನಾಚೆ ತೂಗುಹಾಕಿದ ಹೊಸ ಅಂಗಿಯನ್ನು ನೋಡುವವನಂತೆ, ತನಗಲ್ಲವೆಂದು ಗೊತ್ತಿದ್ದೂ ನೋಡುತ್ತ ಕೂತ.

ಆ ಹೊತ್ತಿಗೆ ಸರಿಯಾಗಿ ಬಾಗಿಲ ಗಂಟೆ ಕಿರುಚಿತು. ಹೆಬ್ಬೆರಳು ಬೆಚ್ಚಿ ಬಿತ್ತು. ಬೀಳಬಾರದ ಜಾಗದಲ್ಲೇ ಬಿತ್ತು. ಮೆಸೇಜು ಹೋಯಿತು.

ಹೋದದ್ದಷ್ಟೇ ಅಲ್ಲ, ತಲುಪಿತು. ತಲುಪಿದ್ದಷ್ಟೇ ಅಲ್ಲ, ಗೀಟುಗಳೆರಡೂ ನೀಲಿಯಾದವು. ಅವಳು ಓದಿಬಿಟ್ಟಿದ್ದಳು. ಅವಳೇನೋ ಬರೆಯುತ್ತಿದ್ದಾಳೆಂಬ ಗುರುತು ಒಂದು ಕ್ಷಣ ಮಿನುಗಿತು, ನಿಂತಿತು, ಮತ್ತೆ ಮಿನುಗಿತು, ಆರಿಹೋಯಿತು. ಆಮೇಲೆ ಏನೂ ಇಲ್ಲ. ಲಿಫ್ಟಿನ ಹಗ್ಗ ತುಂಡಾದರೂ ಎದೆಗೆಡದವನು ಈಗ ಕುರ್ಚಿಯಿಂದ ಎದ್ದು ನಿಂತ. ‘ಮಗಳಂತೆ ಮಗಳು, ಯಾರಪ್ಪ ಇವನು’ ಎಂದು ಅವಳು ಗೆಳತಿಯರಿಗೆ ಫೋನು ತೋರಿಸುತ್ತಿರುವಂತೆ ಕಣ್ಣಿಗೆ ಕಟ್ಟಿತು. ಇಬ್ಬರ ಫೋನಿನಿಂದಲೂ ಅಳಿಸುವ ಉಪಾಯವೊಂದು ಅವನಿಗೆ ಗೊತ್ತಿತ್ತು. ಅಳಿಸಿಯೇಬಿಟ್ಟ. ಮಾತು ಇದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಬೂದುಬಣ್ಣದ ಸಾಲು ಉಳಿಯಿತು.

ಗಂಟೆ ಒತ್ತಿದವರು ಪಕ್ಕದ ಮನೆಯ ಹೆಡ್‌ಮಾಸ್ತರರು. ನಿವೃತ್ತರಾದ ಮೇಲೆ ಅವರು ದಿನಾ ಬೆಳಗ್ಗೆ ಲಿಫ್ಟಣ್ಣನ ಮನೆಯ ಪತ್ರಿಕೆ ಒಯ್ದು, ಅದರಲ್ಲಿನ ಕಾಗುಣಿತ ತಪ್ಪುಗಳಿಗೆ ಕೆಂಪು ಗೆರೆ ಎಳೆದು ಮಧ್ಯಾಹ್ನ ಹಿಂತಿರುಗಿಸುತ್ತಿದ್ದರು. ಅವನ ಮುಖ ನೋಡಿ ಏನಾಯಿತೆಂದು ಕೇಳಿದರು. ಅಮ್ಮನ ಫೋನು ಕೆಟ್ಟಿದೆ, ರಜೆಗೆ ಯಾವತ್ತು ಎಂದು ಹುಡುಗಿಗೆ ಒಂದು ಮೆಸೇಜು ಬರೆಯಬೇಕಿತ್ತು, ಬರುತ್ತಿಲ್ಲ ಎಂದ. ಹೆಡ್‌ಮಾಸ್ತರರ ಕಣ್ಣು ಹೊಳೆಯಿತು. ಪತ್ರಿಕೆ ಕಂಕುಳಿಗೆ ಸೇರಿಸಿ, ಬರ್ಕೊಳ್ಳಿ ಎಂದು ನಿಂತಲ್ಲೇ ಉಕ್ತಲೇಖನ ಶುರುಮಾಡಿದರು. ಅವರು ಹೇಳಿದ ವೇಗಕ್ಕೆ ಬರೆದು, ಅವರ ಕಣ್ಣೆದುರೇ ಕಳಿಸಬೇಕಾಯಿತು. ಅವರು ಹೋದ ಮೇಲೆ ಲಿಫ್ಟಣ್ಣ ಅದನ್ನು ಓದಿ ನೋಡಿದ:

‘ತಮ್ಮ ತಾಯಿಯವರ ದೂರವಾಣಿಯು ಸ್ತಬ್ಧವಾಗಿರುತ್ತದೆ. ಆದ ಕಾರಣ ತಮ್ಮ ಆಗಮನದ ದಿನಾಂಕವನ್ನು ಶೀಘ್ರದಲ್ಲಿ ತಿಳಿಸಬೇಕಾಗಿ ಕೋರಲಾಗಿದೆ.’

ಕೆಟ್ಟ ಲಿಫ್ಟಿನ ಬಾಗಿಲಿಗೆ ತಾನೇ ಅಂಟಿಸುವ ನೋಟೀಸು ಇದಕ್ಕಿಂತ ಬೆಚ್ಚಗಿರುತ್ತದೆ ಅನ್ನಿಸಿತು. ಪುಣ್ಯಕ್ಕೆ ಗೀಟುಗಳು ಇನ್ನೂ ನೀಲಿಯಾಗಿರಲಿಲ್ಲ. ಅದನ್ನೂ ಅಳಿಸಿದ. ಈಗ ಬೂದು ಸಾಲುಗಳು ಎರಡಾದವು.

ಕೆಲಸದ ಚೀಲ ಹೊತ್ತು ಕೆಳಗಿಳಿದ. ಅದೇ ಕಟ್ಟಡದ ನೆಲಮಹಡಿಯಲ್ಲಿ ಕ್ಷೌರದಂಗಡಿ. ಅಂಗಡಿಯವನು ಲೋಕವನ್ನೇ ಕುರ್ಚಿಯಲ್ಲಿ ಕೂರಿಸಿ ನೋಡಿದವನು. ಗಿರಾಕಿಯೊಬ್ಬನ ಕೆನ್ನೆಗೆ ನೊರೆ ಹಚ್ಚುತ್ತಲೇ ಲಿಫ್ಟಣ್ಣನ ಸಂಕಟವನ್ನೆಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದ. ಎರಡು ಸಲ ಅಳಿಸುವುದೆಂದರೆ ಎರಡು ಸಲ ಬಾಗಿಲು ತಟ್ಟಿ ಓಡಿಹೋದ ಹಾಗೆ, ಹುಡುಗಿ ಹೆದರುತ್ತಾಳೆ, ಮೊದಲು ಅವಳಿಗೆ ಧೈರ್ಯ ಹೇಳಬೇಕು ಎಂದು ತೀರ್ಪು ಕೊಟ್ಟ. ನೊರೆಯೊಳಗಿದ್ದ ಗಿರಾಕಿಯೂ ಹೌದೆಂದ. ಮೂವರೂ ಸೇರಿ ಬರೆದರು:

‘ಗಾಬರಿಯಾಗಬೇಡ. ಅಮ್ಮನ ಫೋನ್ ಇನ್ನು ಸಿಗೋದಿಲ್ಲ. ಏನೂ ಯೋಚನೆ ಮಾಡಬೇಡ, ನಾವೆಲ್ಲ ಇದ್ದೇವೆ.’

‘ನಾವೆಲ್ಲ ಇದ್ದೇವೆ’ ಎಂಬ ಭಾಗ ಗಿರಾಕಿಯದು. ಬರೀ ಅಕ್ಷರ ಒಣಗಿದಂತೆ ಕಾಣುತ್ತದೆಂದು ಕ್ಷೌರದವನು ಕೊನೆಯಲ್ಲಿ ಕೈಮುಗಿದ ಚಿತ್ರವೊಂದನ್ನು ಸೇರಿಸಿದ. ರಜೆಯ ಮಾತನ್ನು ಮೂವರಲ್ಲಿ ಒಬ್ಬರೂ ನೆನಪಿಸಿಕೊಳ್ಳಲಿಲ್ಲ.

ಕಳಿಸಿದ್ದೇ ತಡ, ಲಿಫ್ಟಣ್ಣನಿಗೆ ಉತ್ತರದ ಭಯ ಹಿಡಿಯಿತು. ಬಂದರೂ ಭಯ, ಬರದಿದ್ದರೂ ಭಯ. ಎರಡನ್ನೂ ಒಟ್ಟಿಗೆ ತಪ್ಪಿಸಲು ಇದ್ದದ್ದು ಒಂದೇ ದಾರಿ. ಫೋನು ಆಫ್ ಮಾಡಿ, ಸ್ಪ್ಯಾನರುಗಳ ಅಡಿಗೆ ತುರುಕಿ, ಊರಾಚೆಯ ಆಫೀಸು ಕಟ್ಟಡದ ಲಿಫ್ಟು ಗುಂಡಿಗೆ ಇಳಿದುಬಿಟ್ಟ. ಭೂಮಿಯ ಕೆಳಗೆ ಅವನಿಗೆ ಎಷ್ಟೋ ಹಗುರವಾಯಿತು.

ಭೂಮಿಯ ಮೇಲೆ ಮಾತ್ರ ಪರಿಸ್ಥಿತಿ ಬೇರೆ ಇತ್ತು. ಹುಡುಗಿ ಮಧ್ಯಾಹ್ನ ಲ್ಯಾಬಿನಿಂದ ಹೊರಬಂದು ಫೋನು ನೋಡಿದಳು. ಅಳಿಸಿದ ಎರಡು ಸಾಲು, ಅದರ ಕೆಳಗೆ ಗಾಬರಿಯಾಗಬೇಡ, ಅಮ್ಮನ ಫೋನ್ ಇನ್ನು ಸಿಗೋದಿಲ್ಲ, ಕೈಮುಗಿತ. ಗಾಬರಿಯಾಗಬೇಡ ಎಂಬ ಮಾತಿನಿಂದ ಗಾಬರಿಯಾಗದ ಮನುಷ್ಯರು ಇನ್ನೂ ಹುಟ್ಟಿಲ್ಲ. ಅಮ್ಮನಿಗೆ ಫೋನು ಮಾಡಿದಳು, ಸ್ವಿಚ್ ಆಫ್. ಲಿಫ್ಟಣ್ಣನಿಗೆ ಮಾಡಿದಳು, ಸ್ವಿಚ್ ಆಫ್. ಕೊನೆಗೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ದೊಡ್ಡಮ್ಮನಿಗೆ, ಎಂದರೆ ತಾಯಿಯ ಅಕ್ಕನಿಗೆ, ಫೋನು ಮಾಡಿ ಅಮ್ಮನಿಗೆ ಏನಾಗಿದೆ ಎಂದು ಕೇಳಿದಳು.

ದೊಡ್ಡಮ್ಮ ಕಾರಣ ಕೇಳಿ ಅಳುವವರಲ್ಲ, ಅತ್ತು ಆಮೇಲೆ ಕಾರಣ ಕೇಳುವವರು. ಏನಾಯ್ತಮ್ಮ ಎನ್ನುವಷ್ಟರಲ್ಲೇ ಅವರ ದನಿ ಒಡೆದಿತ್ತು. ಆ ಅಳು ಕೇಳಿ ಹುಡುಗಿಗೆ ಸಂಶಯವೇ ಉಳಿಯಲಿಲ್ಲ. ಹಾಸ್ಟೆಲಿನ ಮೇಡಂಗೆ ವಿಷಯ ಹೇಳಿ, ಸಿಕ್ಕಿದ ಬಸ್ಸು ಹತ್ತಿದಳು. ಮೇಡಂ ಈ ಊರಿನ ಪೊಲೀಸ್ ಠಾಣೆಗೆ ಫೋನು ಮಾಡಿ, ದಯವಿಟ್ಟು ಯಾರನ್ನಾದರೂ ಕಳಿಸಿ ನೋಡಿ ಎಂದರು.

ಇತ್ತ ದೊಡ್ಡಮ್ಮ ಕೆಳಗೋಡಿ ಬಂದು ತಂಗಿಯ ಮನೆಯ ಬಾಗಿಲು ಬಡಿದರು. ಬೀಗ. ಸದ್ದಿಗೆ ಹೆಡ್‌ಮಾಸ್ತರರು ಹೊರಬಂದರು. ಬೆಳಗ್ಗೆ ಲಿಫ್ಟಣ್ಣನ ಮುಖ ಬಿಳುಚಿತ್ತು, ಹುಡುಗಿಗೆ ತಿಳಿಸಬೇಕು, ಬರೆಯಲು ಬರುತ್ತಿಲ್ಲ ಎನ್ನುತ್ತಿದ್ದ ಎಂದರು. ಕ್ಷೌರದವನು ಬ್ರಷ್ಷು ಹಿಡಿದೇ ಮೇಲೆ ಬಂದು, ಅವನ ಕೈ ನಡುಗುತ್ತಿತ್ತು, ಬರೆಯಲೂ ಆಗದೆ ತಾನೇ ಸಹಾಯ ಮಾಡಬೇಕಾಯಿತು ಎಂದ. ಫೋನು ಕೆಟ್ಟಿದೆ ಎಂದದ್ದು ದುಃಖ ಮುಚ್ಚಿಡುವ ನೆಪವಿರಬೇಕೆಂದು ಇಬ್ಬರಿಗೂ ಈಗ ಅನ್ನಿಸಿತು. ಇಬ್ಬರು ಹೇಳಿದ್ದೂ ನಿಜ. ಎರಡು ನಿಜ ಸೇರಿ ಒಂದು ಸಾವಾಯಿತು. ಅಕ್ಕಪಕ್ಕದವರು ಮೆಟ್ಟಿಲ ಕೆಳಗೆ ಕುರ್ಚಿ ತಂದಿಟ್ಟರು. ಕ್ಷೌರದವನು ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದ. ಹೆಡ್‌ಮಾಸ್ತರರು ಎದ್ದು ನಿಂತು, ಹೋದವರು ಎಷ್ಟು ನೇರವಾಗಿ ಹೊಲಿಗೆ ಹಾಕುತ್ತಿದ್ದರೆಂದು ನಾಲ್ಕು ಮಾತಾಡಿದರು.

ಠಾಣೆಯಿಂದ ಬಂದ ಕಾನ್ಸ್‌ಟೇಬಲ್ ಕುರ್ಚಿಗಳನ್ನು ನೋಡಿ ಟೋಪಿ ತೆಗೆದ. ದೇಹ ಎಲ್ಲಿದೆ ಎಂದು ಮೆಲ್ಲಗೆ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಯಾವ ಆಸ್ಪತ್ರೆ ಎಂದು ಕೇಳಿದ. ಅದೂ ಗೊತ್ತಿರಲಿಲ್ಲ. ಕೊನೆಗೆ ಅವನು ತಲೆ ಕೆರೆದುಕೊಂಡು, “ಅಲ್ಲಾ, ಅವರು ಕೆಲಸ ಮಾಡೋ ಅಂಗಡೀಲಿ ಯಾರಾದ್ರೂ ವಿಚಾರಿಸಿದ್ರಾ?” ಎಂದ.

ದೊಡ್ಡಮ್ಮ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ ಯೋಚಿಸಿದರು.

ಆಗಲೇ ಲಿಫ್ಟಣ್ಣನ ಹೆಂಡತಿ ಗೇಟಿನೊಳಗೆ ಬಂದಳು. ಹತ್ತಿರದ ಮನೆಯೊಂದರ ಕಿಟಕಿ ಅಳೆಯಲು ಹೊರಟವಳು, ಮರೆತ ಟೇಪು ಒಯ್ಯಲು ಬಂದಿದ್ದಳು. ಸಾಲು ಕುರ್ಚಿ, ಅರ್ಧ ಶಟರು, ಟೋಪಿ ತೆಗೆದ ಪೊಲೀಸ್, ಎಲ್ಲ ನೋಡಿ ಚಪ್ಪಲಿ ಸದ್ದಾಗದಂತೆ ಹತ್ತಿರ ಬಂದು, ಹೆಡ್‌ಮಾಸ್ತರರ ಕಿವಿಯಲ್ಲಿ ಕೇಳಿದಳು:

“ಯಾರು ಹೋದ್ರು ಸಾರ್?”

ಮೂವತ್ತು ವರ್ಷ ಮಕ್ಕಳಿಗೆ ಉತ್ತರ ಹೇಳಿಕೊಟ್ಟ ಹೆಡ್‌ಮಾಸ್ತರರು ಅವಳ ಕಡೆಗೇ ಬೆರಳು ತೋರಿಸಿದರು. ದೊಡ್ಡಮ್ಮ ತಂಗಿಯನ್ನು ಬಾಚಿ ತಬ್ಬಿ ಮತ್ತೆ ಮೊದಲಿನಿಂದ ಅತ್ತರು, ನಡುನಡುವೆ ಬೈದರು.

ವಿಷಯ ತಿಳಿದ ಕೂಡಲೇ ಅವಳು ಅಕ್ಕನ ಫೋನು ಕಿತ್ತುಕೊಂಡು ಮಗಳಿಗೆ ಮಾಡಿದಳು. ಬಸ್ಸು ಅರ್ಧ ದಾರಿಯಲ್ಲಿತ್ತು. ನಾನಿದ್ದೀನಿ ಕಣೇ, ಬಕೆಟ್ಟಿಗೆ ಬಿದ್ದಿದ್ದು ಫೋನು ಎಂದು ಮತ್ತೆ ಮತ್ತೆ ಹೇಳಿದಳು. ಹುಡುಗಿ ಬಸ್ಸಿನಲ್ಲೇ ಜೋರಾಗಿ ಅತ್ತಳು. ಅಳು ಮುಗಿದ ಮೇಲೆ, ಹಿಂದೆ ತಿರುಗಿ ಹೋಗುವುದಿಲ್ಲ, ಕಣ್ಣಾರೆ ನೋಡಿಯೇ ಹೋಗುತ್ತೇನೆ ಎಂದಳು.

ಇನ್ನು ಉಳಿದದ್ದು ಲಿಫ್ಟಣ್ಣನಿಗೆ ತಿಳಿಸುವ ಕೆಲಸ. ಅವನ ಫೋನು ಸ್ಪ್ಯಾನರುಗಳ ಕೆಳಗೆ ಮಲಗಿತ್ತು. ಕಾನ್ಸ್‌ಟೇಬಲ್ ಕರ್ತವ್ಯನಿಷ್ಠ. ಲಿಫ್ಟು ಕಂಪನಿಗೆ ಫೋನು ಮಾಡಿ, ಹೆಂಡತಿ ಚೆನ್ನಾಗಿದ್ದಾರೆ, ಮಗಳು ಗಾಬರಿಯಾಗಿ ಪೊಲೀಸರಿಗೆ ಹೇಳಿಸಿದ್ದಳು, ಈಗ ಎಲ್ಲ ಸರಿಹೋಗಿದೆ, ಮನೆಗೆ ಬರಲು ಹೇಳಿ ಎಂದು ವಿವರವಾಗಿ ತಿಳಿಸಿದ. ಕಂಪನಿಯ ಹುಡುಗಿ ಅದನ್ನು ಸ್ವಲ್ಪ ಚಿಕ್ಕದು ಮಾಡಿ ಸೂಪರ್‌ವೈಸರಿಗೆ ಹೇಳಿದಳು. ಸೂಪರ್‌ವೈಸರ್ ಇನ್ನೂ ಚಿಕ್ಕದು ಮಾಡಿ ಆಫೀಸು ಕಟ್ಟಡದ ಕಾವಲುಗಾರನಿಗೆ ಹೇಳಿದ. ಕಾವಲುಗಾರ ಗುಂಡಿಯ ಬಾಯಿಗೆ ಬಗ್ಗಿ ಕೂಗಿದ್ದು ಇಷ್ಟು:

“ನಿಮ್ಮ ಮಗಳು ಪೊಲೀಸರಿಗೆ ಹೇಳಿದ್ದಾರಂತೆ. ಹೋಗ್ಬೇಕಂತೆ.”

ಗುಂಡಿಯೊಳಗೆ ಲಿಫ್ಟಣ್ಣನ ಕೈಯಿಂದ ಸ್ಪ್ಯಾನರು ಜಾರಿತು. ಅವನು ಹೆದರಿದ್ದಕ್ಕಿಂತ ಹತ್ತು ಪಾಲು ಕೆಟ್ಟದ್ದು ಆಗಿಹೋಗಿತ್ತು. ಮಗಳೇ ಎಂದದ್ದಕ್ಕೆ ಹುಡುಗಿ ಬೇಜಾರು ಮಾಡಿಕೊಂಡಾಳು, ಉತ್ತರ ಕೊಡದೆ ಇದ್ದಾಳು ಎಂದುಕೊಂಡಿದ್ದ. ದೂರು ಕೊಡುತ್ತಾಳೆಂದು ಎಣಿಸಿರಲಿಲ್ಲ. ಯೋಚಿಸಿ ನೋಡಿದರೆ ಅವಳ ತಪ್ಪೂ ಕಾಣಲಿಲ್ಲ. ಯಾರೋ ಒಬ್ಬ ಗಂಡಸು ಬೆಳ್ಳಂಬೆಳಗ್ಗೆ ಮಗಳೇ ಎನ್ನುತ್ತಾನೆ, ಆಮೇಲೆ ಸಾಕ್ಷಿ ಅಳಿಸುತ್ತಾನೆ. ಎಣ್ಣೆ ಕೈ ಒರೆಸಿಕೊಂಡು, ಕರೆದುಕೊಂಡು ಹೋಗಲು ಅವರು ಬರುವ ಮೊದಲೇ ತಾನೇ ಹೋಗುವುದು ಮರ್ಯಾದೆ ಎಂದು ನೇರ ಠಾಣೆಗೆ ನಡೆದ.

ಠಾಣೆಯಲ್ಲಿ ಇನ್‌ಸ್ಪೆಕ್ಟರಮ್ಮ ಮೇಜಿನ ಹಿಂದೆ ಕೂತು, ಸೈಕಲ್ ಕಳೆದುಕೊಂಡವನೊಬ್ಬನ ಅಹವಾಲು ಕೇಳುತ್ತಿದ್ದರು. ಲಿಫ್ಟಣ್ಣ ಸರದಿ ಕಾಯದೆ ಮುಂದೆ ಬಂದು ಕೈಕಟ್ಟಿ ನಿಂತ.

“ಬರೆದದ್ದು ನಾನೇ ಮೇಡಂ. ಅಳಿಸಿದ್ದೂ ನಾನೇ.”

“ಏನು ಬರೆದ್ರಿ?”

“ಮಗಳೇ ಅಂತ.”

“ಯಾರಿಗೆ?”

“ಮಗಳಿಗೆ.”

ಇನ್‌ಸ್ಪೆಕ್ಟರಮ್ಮ ಪೆನ್ನು ಕೆಳಗಿಟ್ಟರು. “ಮಗಳಿಗೆ ಮಗಳೇ ಅನ್ನದೆ ಇನ್ನೇನಂತಾರೆ?”

“ಅದು ಗೊತ್ತಾಗದೇ ಹೀಗಾಯ್ತು ಮೇಡಂ.”

ಸೈಕಲ್ ಕಳೆದುಕೊಂಡವನು ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಲಿಫ್ಟಣ್ಣ ಎಲ್ಲವನ್ನೂ ಮೊದಲಿನಿಂದ ಹೇಳಿದ. ನೀನು, ನೀವು, ಬೇಕಾ, ಸಾಕಾ, ನೀಲಿ ಗೀಟು, ಮಿನುಗಿ ಆರಿದ್ದು, ಒಂದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಇನ್‌ಸ್ಪೆಕ್ಟರಮ್ಮನ ಹುಬ್ಬು ಸಡಿಲವಾಯಿತು. ತಮ್ಮ ಮಗನೂ ದೂರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ಊಟ ಆಯ್ತಾ ಎಂದು ಬರೆದರೂ ಹೆಬ್ಬೆಟ್ಟಿನ ಚಿತ್ರ, ಹುಷಾರಿಲ್ವಾ ಎಂದರೂ ಹೆಬ್ಬೆಟ್ಟು, ಇಷ್ಟು ಖರ್ಚು ಮಾಡಿ ಓದಿಸಿದ್ದು ಹೆಬ್ಬೆಟ್ಟು ಒತ್ತುವುದಕ್ಕಾ ಎಂದು ಯಾರನ್ನೋ ಕೇಳಿದಂತೆ ಕೇಳಿದರು. ಆಮೇಲೆ ನೆನಪಾಗಿ, ದೂರು ಗೀರು ಏನೂ ಇಲ್ಲ, ಹಾಸ್ಟೆಲಿನಿಂದ ಬಂದದ್ದು ಬರೀ ವಿಚಾರಿಸಿ ಎಂಬ ಕೋರಿಕೆ, ಇಬ್ಬರ ಫೋನೂ ಆಫ್ ಆಗಿದೆ, ಇಬ್ಬರೂ ಚೆನ್ನಾಗಿದ್ದಾರಾ ನೋಡಿ ಹೇಳಿ ಎಂದು ಹುಡುಗಿ ಅತ್ತಳಂತೆ ಎಂದರು.

“ಇಬ್ಬರು ಅಂದ್ರೆ ಯಾರ್ಯಾರು ಮೇಡಂ?”

“ಅವಳಮ್ಮ. ನೀವು.”

ಲಿಫ್ಟಣ್ಣ, ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳ್ತೀರಾ ಎಂದ. ಇನ್‌ಸ್ಪೆಕ್ಟರಮ್ಮ ಬೇಸರವಿಲ್ಲದೆ ಇನ್ನೊಮ್ಮೆ ಹೇಳಿದರು.

ಅವನು ಕಟ್ಟಡ ತಲುಪುವಷ್ಟರಲ್ಲಿ ಸಂಜೆಯಾಗಿತ್ತು. ಕುರ್ಚಿಗಳು ಇನ್ನೂ ಅಲ್ಲೇ ಇದ್ದವು, ಈಗ ಜನ ಅವುಗಳಲ್ಲಿ ಕೂತು ನಗುತ್ತಿದ್ದರು. ಕ್ಷೌರದವನು ಶಟರಿನ ಹಿಂದೆ ಸರಿದು, ಕಾಣದವನಂತೆ ಕತ್ತರಿ ಒರೆಸಿದ. ಲಿಫ್ಟಣ್ಣ ಮೆಟ್ಟಿಲು ಹತ್ತಿದ. ಮೊದಲ ತಿರುವಿನಲ್ಲೇ ಹುಡುಗಿ ಕೂತಿದ್ದಳು. ಮೇಲೆ ಮನೆ ತುಂಬ ಜನ, ದೊಡ್ಡಮ್ಮ ತಂಗಿ ಸತ್ತ ಕಥೆಯನ್ನು ತಂಗಿಗೇ ಹೇಳುತ್ತಿದ್ದರು. ಹುಡುಗಿ ತಪ್ಪಿಸಿಕೊಂಡು ಬಂದು ಮಂಡಿಯ ಮೇಲೆ ಬನ್ನು ಇಟ್ಟುಕೊಂಡಿದ್ದಳು. ಕಣ್ಣು ಊದಿತ್ತು.

“ಊಟ…” ಎಂದು ಲಿಫ್ಟಣ್ಣ ಶುರುಮಾಡಿ ನಿಲ್ಲಿಸಿದ.

“ಆಗಿಲ್ಲ,” ಎಂದಳು. ಸ್ವಲ್ಪ ತಡೆದು ಕೇಳಿದಳು: “ಅದನ್ನ ಯಾಕೆ ಅಳಿಸಿದ್ರಿ?”

ಹೆಡ್‌ಮಾಸ್ತರರು ಬರೆಸಿದ್ದು ಹಾಗಿತ್ತು, ಕ್ಷೌರದವನು ಹೀಗೆಂದ ಎಂದು ಅವನು ಗಡಿಬಿಡಿಯಲ್ಲಿ ಹೇಳತೊಡಗಿದ.

“ಅದಲ್ಲ. ಮೊದಲನೇದು.”

“ಓದಿದ್ದು ಗೊತ್ತಾಯ್ತು. ಉತ್ತರ ಬರಲಿಲ್ಲ. ಹಾಗೆ ಕರೆದದ್ದು ಇಷ್ಟ ಆಗ್ಲಿಲ್ಲವೇನೋ ಅಂತ…”

“ಉತ್ತರ ಬರೀತಾ ಇದ್ದೆ. ಅಷ್ಟರಲ್ಲಿ ಲ್ಯಾಬಿಗೆ ಕರೆದ್ರು, ಫೋನ್ ಹೊರಗಿಟ್ಟು ಹೋಗ್ಬೇಕು. ಒಳಗೆ ಪೂರ್ತಿ ಹೊತ್ತು ಅದೇ ಯೋಚನೆ, ಏನಂತ ಬರೀಲಿ ಅಂತ. ಒಂದು ಗಾಜಿನ ಕೊಳವೆ ಬೇರೆ ಒಡೆದೆ.” ಅವಳು ಬನ್ನಿನ ತುದಿಯನ್ನು ಕಿತ್ತಳು, ತಿನ್ನಲಿಲ್ಲ. “ಹೊರಗೆ ಬಂದು ನೋಡಿದ್ರೆ ಅದು ಇರಲಿಲ್ಲ. ಬೇಡ ಅನ್ನಿಸಿ ವಾಪಸ್ ತಗೊಂಡ್ರಲ್ಲ ಅನ್ಕೊಂಡೆ. ಆಮೇಲೆ ಅಮ್ಮನ ಗಾಬರಿ ಬಂತು. ಆದ್ರೆ ಮೊದಲು ಬೇಜಾರಾದದ್ದು ಅದಕ್ಕೆ.”

ಲಿಫ್ಟಣ್ಣ ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ಕುಸಿದು ಕೂತ. ಬೆಳಗಿನಿಂದ ಅವನು, ತನ್ನನ್ನು ಯಾರೋ ಬೇಡವೆಂದಾರು ಎಂದು ನಡುಗುತ್ತ ಊರೆಲ್ಲ ಸುತ್ತಿದ್ದ. ತಾನೂ ಒಬ್ಬರನ್ನು ಬೇಡವೆಂದಂತೆ ಆಗಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

“ಬೇಡ ಅಂತ ಅಲ್ಲ,” ಎಂದ. “ಹೆದರಿಕೆ ಆಯ್ತು, ಅದಕ್ಕೆ.”

“ನನ್ನ ಕಂಡ್ರೆ ಹೆದರಿಕೇನಾ?”

“ಹೂಂ.”

ಹುಡುಗಿ ಅವನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. “ಹತ್ತನೇ ಮಹಡಿ ಮೇಲೆ ನೇತಾಡ್ತೀರಂತಲ್ಲ, ಅಮ್ಮ ಹೇಳ್ತಿದ್ಲು. ಅಲ್ಲಿ ಹೆದರಿಕೆ ಆಗಲ್ವಾ?”

“ಅಲ್ಲಿ ಸೊಂಟಕ್ಕೆ ಹಗ್ಗ ಇರುತ್ತೆ.”

ಅವಳಿಗೆ ನಗು ಬಂತು. ಊದಿದ ಕಣ್ಣಲ್ಲೇ ನಕ್ಕಳು, ಬನ್ನನ್ನು ಮುರಿದು ಅರ್ಧ ಅವನ ಕಡೆ ಚಾಚಿದಳು. ಎಣ್ಣೆಯ ಕೈ ಎಂದು ಅವನು ಹಿಂಜರಿದ. ಇರಲಿ ಹಿಡೀರಿ ಎಂದಳು. ಇಬ್ಬರೂ ತಿಂದರು.

“ಇನ್ನೊಂದ್ಸಲ ಕಳಿಸಿ,” ಎಂದಳು.

ಅವನು ಸ್ಪ್ಯಾನರುಗಳ ಅಡಿಯಿಂದ ಫೋನು ತೆಗೆದು ಆನ್ ಮಾಡಿದ. ದಿನವಿಡೀ ಬಂದ ಕರೆಗಳೆಲ್ಲ ಒಮ್ಮೆಲೇ ನೆನಪಾಗಿ ಅದು ಅಂಗೈಯಲ್ಲೇ ನಡುಗಿತು. ನಡುಕ ನಿಲ್ಲುವವರೆಗೆ ಕಾದು, ಒಂದೊಂದೇ ಅಕ್ಷರ ಒತ್ತತೊಡಗಿದ. ಮೇಲಿನ ಮೆಟ್ಟಿಲ ಕಂಬಿಯ ಬಳಿ ಉಸಿರು ಬಿಗಿಹಿಡಿದ ಸದ್ದು. ತಲೆ ಎತ್ತಿದರೆ ಹೆಂಡತಿ, ದೊಡ್ಡಮ್ಮ, ಅವರ ನಡುವೆ ಹೆಡ್‌ಮಾಸ್ತರರು. ಹೆಡ್‌ಮಾಸ್ತರರು ತಡೆಯಲಾರದೆ, “ಕೊನೇ ಅಕ್ಷರಕ್ಕೆ ದೀರ್ಘ ಮರೀಬೇಡಿ,” ಎಂದರು. ದೊಡ್ಡಮ್ಮ ಅವರ ತೋಳು ಹಿಡಿದು ಹಿಂದಕ್ಕೆ ಎಳೆದರು.

‘ಮಗಳೇ, ರಜೆಗೆ ಯಾವತ್ತು ಬರ್ತೀಯ?’

ಎರಡು ಮೆಟ್ಟಿಲ ದೂರಕ್ಕೆ ಮೆಸೇಜು ಆಕಾಶ ಸುತ್ತಿ ಬಂದು ಸೇರಿತು. ಹುಡುಗಿ ಓದಿದಳು. ಬರೆಯುತ್ತಿದ್ದಾಳೆಂಬ ಗುರುತು ಅವನ ಫೋನಿನಲ್ಲಿ ಮಿನುಗಿತು, ನಿಂತಿತು, ಮತ್ತೆ ಮಿನುಗಿತು. ಅವಳು ಎದುರಿಗೇ ಕೂತು ಬರೆಯುವುದು ಕಾಣುತ್ತಿದ್ದರೂ ಅವನು ಫೋನಿನ ಗುರುತನ್ನೇ ನೋಡುತ್ತ ಕೂತ.

‘ಬಂದಿದ್ದೀನಲ್ಲ,’ ಎಂದು ಬಂತು.

ಹುಡುಗಿ ಎರಡು ದಿನ ಇದ್ದು ಹಾಸ್ಟೆಲಿಗೆ ಮರಳಿದಳು. ಆ ಎರಡು ದಿನದಲ್ಲಿ ಲೋಕವೇನೂ ತಲೆಕೆಳಗಾಗಲಿಲ್ಲ. ಅವಳು ಅವನನ್ನು ಏನೆಂದೂ ಕರೆಯಲಿಲ್ಲ, ಎದುರಿಗೆ ಬಂದು ನಿಲ್ಲುವುದನ್ನೂ ಬಿಡಲಿಲ್ಲ. ಅವನು ಒಂದೆರಡು ಸಲ ನೀನು ಎಂದ, ಒಂದು ಸಲ ಬಾಯಿತಪ್ಪಿ ನೀವು ಎಂದ. ಅವಳು ಎರಡಕ್ಕೂ ಒಂದೇ ತರಹ ಉತ್ತರ ಕೊಟ್ಟಳು.

ಮುಂದಿನ ವಾರ ಒಂದು ಮಧ್ಯಾಹ್ನ, ಆಸ್ಪತ್ರೆಯೊಂದರ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದಾಗ ಅವನ ಫೋನು ಸದ್ದು ಮಾಡಿತು. ‘ಹಾಸ್ಟೆಲ್ ಫ್ಯಾನು ರಾತ್ರಿಯೆಲ್ಲ ಕಟಕಟ ಅನ್ನುತ್ತೆ. ಇಲ್ಲಿಯ ಎಲೆಕ್ಟ್ರಿಷಿಯನ್ ಬರೋದೇ ಇಲ್ಲ. ಮುಂದಿನ ಸಲ ಹೊತ್ಕೊಂಡು ಬರ್ತೀನಿ, ಸರಿ ಮಾಡಿ ಕೊಡಿ’ ಎಂದಿತ್ತು. ದಯವಿಟ್ಟು ಎಂದಿರಲಿಲ್ಲ. ಸಾಧ್ಯವಾದರೆ ಎಂದಿರಲಿಲ್ಲ. ಲಿಫ್ಟಣ್ಣ ಅದನ್ನು ಹಲವು ಸಲ ಓದಿ, ‘ತಾ’ ಎಂದು ಒತ್ತಿ ಕಳಿಸಿದ.

ಸಂಜೆ ಮನೆಯಲ್ಲಿ ಹೆಂಡತಿಗೆ ತೋರಿಸಿದ. ಅವಳು ಮಗಳು ಬರೆದದ್ದನ್ನು ಓದಿ ಖುಷಿಪಟ್ಟು, ಕೆಳಗಿದ್ದ ಉತ್ತರ ನೋಡಿ ಹುಬ್ಬು ಗಂಟಿಕ್ಕಿದಳು.

“ಇದೇನ್ರೀ, ಅಷ್ಟುದ್ದ ಬರೆದವಳಿಗೆ ಒಂದೇ ಅಕ್ಷರಾನಾ? ಸಿಡುಕಿದ ಹಾಗಿದೆ. ಬೇಜಾರು ಮಾಡ್ಕೊಂಡ್ರೆ?”

ಲಿಫ್ಟಣ್ಣ ಫೋನು ತಿರುಗಿಸಿ ಇನ್ನೊಮ್ಮೆ ನೋಡಿದ. ಗೀಟುಗಳು ನೀಲಿಯಾಗಿದ್ದವು, ಉತ್ತರ ಬಂದಿರಲಿಲ್ಲ. ಹಣೆಯ ಮೇಲೆ ಸಣ್ಣಗೆ ಬೆವರು ಮೂಡಿತು. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದ:

“ಬೇಜಾರಾದ್ರೆ ಕೇಳ್ತಾಳೆ ಬಿಡು.”